ಜೋಮು ಹಿಡಿದ ಬಲಗೈ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಬಾಯಿ ವಾಸನೆಯ ವಿಷಯ. "ದಿನವೆಲ್ಲ ಅದನ್ನ ಹೇಗೆ ತಡ್ಕೊಂಡ್ರಿ ಆಂಟಿ?" ಅಂತಾರೆ. ವಾಸನೆ ಒಂದು ವಾರದ ಮಾತು ಕಣ್ರಮ್ಮ. ಎಂಟನೇ ದಿನಕ್ಕೆ ಮೂಗು ಸುಮ್ಮನಾಗುತ್ತದೆ. ಕತ್ತು, ಸೊಂಟ, ಕೈ, ಇವು ಮಾತ್ರ ಸುಮ್ಮನಾಗುವ ಪೈಕಿ ಅಲ್ಲ. ಆದರೆ ಅವುಗಳ ವಿಷಯ ಯಾರೂ ಕೇಳುವುದಿಲ್ಲ. ಕೇಳಿದರೂ ನನ್ನಂಥವರು ನಿಜ ಹೇಳುವುದಿಲ್ಲ.

ಮುಂದೆ ನಾನು ಸರ್ಕಾರಿ ಆಸ್ಪತ್ರೆ ಸೇರಿದ್ದು, ಬಡ್ತಿ ಬಂದದ್ದು, ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದದ್ದು ಎಲ್ಲ ಎಲ್ಲರ ಕಥೆಯಂತೆಯೇ. ಅದನ್ನು ಬಿಡುತ್ತೇನೆ. ನಾನು ಬರೆಯುತ್ತಿರುವುದು ಅದಕ್ಕೆ ಮೊದಲಿನ ಮಾತು, ಐವತ್ತರ ದಶಕದಲ್ಲಿ ರಾಜಾಜಿನಗರದ ಒಂದು ಹಲ್ಲಿನ ದವಾಖಾನೆಯಲ್ಲಿ ನಾನು ಕೆಲಸ ಕಲಿತ ವರ್ಷಗಳದ್ದು.

ಆಗ ರಾಜಾಜಿನಗರ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಒಂದು ಕಡೆ ಕಾರ್ಖಾನೆಯ ಸೈರನ್ ಕೂಗಿದರೆ ಇನ್ನೊಂದು ಕಡೆ ರಾಗಿ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು. ನಮ್ಮೂರು ಮಾರೇನಹಳ್ಳಿ. ಅಲ್ಲಿಂದ ಮಾಗಡಿ ರಸ್ತೆ ದಾಟಿ ನಡೆದೇ ಬರುತ್ತಿದ್ದೆ. ಡಾಕ್ಟರ ಹೆಸರು ಸುಬ್ಬರಾಯರು. ಎರಡು ಕೋಣೆ, ಒಂದು ಕುರ್ಚಿ, ಕಾಲಿನಲ್ಲಿ ತುಳಿಯುವ ಡ್ರಿಲ್ಲು, ಸ್ಟವ್ ಮೇಲೆ ಸದಾ ಕುದಿಯುವ ನೀರಿನ ಡಬ್ಬ. ಅವರು ಹಲ್ಲು ಕೀಳುವುದು, ತುಂಬುವುದು ಮಾಡುತ್ತಿದ್ದರು. ಪಾಚಿ ಕೆರೆದು ಹಲ್ಲು ಸ್ವಚ್ಛ ಮಾಡುವುದು ನನ್ನ ಪಾಲು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಹೈಜೀನಿಸ್ಟು ಅಂತ. ಜನಕ್ಕೆ ಅದೆಲ್ಲ ಬೇಕಿರಲಿಲ್ಲ. ನಾನು ಅವರಿಗೆ ಹಲ್ಲುಜ್ಜೋ ನರ್ಸಮ್ಮ.

ನಾನು ಕೆಲಸಕ್ಕೆ ಸೇರಿದ್ದೇ ಮನೆಯಲ್ಲಿ ಜಗಳ ಆಡಿ. ಅಪ್ಪ ತೀರಿಹೋಗಿದ್ದ. ಅವ್ವನೂ ನಾನೂ ಚಿಕ್ಕಪ್ಪನ ಮನೆಯಲ್ಲಿದ್ದೆವು. ಚಿಕ್ಕಪ್ಪ ಕೆಟ್ಟವನಲ್ಲ, ಆದರೆ ಕೆಂಗೇರಿ ಕಡೆಯ ಒಂದು ಸಂಬಂಧ ನೋಡಿಟ್ಟಿದ್ದ. ಗಂಡಿಗೆ ಮೊದಲ ಹೆಂಡತಿ ಸತ್ತು ಮೂರು ಮಕ್ಕಳಿದ್ದವು, ವಯಸ್ಸು ನನ್ನ ಎರಡರಷ್ಟು. ನಾನು ಒಲ್ಲೆ ಅಂದೆ, ದವಾಖಾನೆಗೆ ಹೋಗ್ತೀನಿ ಅಂದೆ. ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಚಿಕ್ಕಪ್ಪ ಅಂದ, "ನೋಡಮ್ಮಿ, ಕೆಲಸ ಇರೋಗಂಟ ನಿನ್ ಮಾತು. ಕೆಲಸ ಹೋದ ದಿನದಿಂದ ನನ್ ಮಾತು. ಒಪ್ಪಿಗೇನಾ?" ಒಪ್ಪಿಗೆ ಅಂದೆ. ನಾನು ಆಮೇಲೆ ಮಾಡಿದ ಸರಿ ತಪ್ಪುಗಳಿಗೆಲ್ಲ ಈ ಒಂದು ಮಾತೇ ಹಿನ್ನೆಲೆ, ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಸುಬ್ಬರಾಯರ ಕೈ ಚಿನ್ನದ ಕೈ, ಬಾಯಿ ಮಾತ್ರ ಕೇಳಬೇಡಿ. ಕೆಲಸದ ಹೊತ್ತಿನಲ್ಲಿ ಕೂರುವುದು ಅವರಿಗೆ ಸುತರಾಂ ಆಗದು. "ಕೂತು ಮಾಡೋದು ಬೀಡಿ ಕಟ್ಟೋ ಕೆಲಸ ಲಕ್ಷ್ಮಮ್ಮ, ಇದಲ್ಲ" ಅನ್ನುತ್ತಿದ್ದರು. ರೋಗಿಯ ಬಲಗಡೆ ನಿಲ್ಲಬೇಕು, ಎಡಗಾಲ ಮೇಲೆ ಭಾರ ಹಾಕಬೇಕು, ಸೊಂಟದಿಂದ ಬಗ್ಗಿ ಬಾಯೊಳಗೆ ನೋಡಬೇಕು. ಕುರ್ಚಿ ಒಂದೇ ಎತ್ತರಕ್ಕೆ ತುಕ್ಕು ಹಿಡಿದು ಕೂತಿತ್ತು. ಕುಳ್ಳಗಿನವರು ಬಂದರೆ ನನ್ನ ಕತ್ತು ಬಗ್ಗಬೇಕು, ಉದ್ದನೆಯವರು ಬಂದರೆ ಭುಜ ಎತ್ತಬೇಕು. ಮೇಲಿನ ದವಡೆಯ ಒಳಭಾಗ ಕಾಣಬೇಕಾದರೆ ಕನ್ನಡಿ ಹಿಡಿಯಬೇಕು, ಆದರೆ ರೋಗಿಯ ಬಿಸಿ ಉಸಿರಿಗೆ ಕನ್ನಡಿ ಮಂಜಾಗುತ್ತದೆ. ಹಾಗಾಗಿ ಕತ್ತನ್ನೇ ತಿರುಚುವುದು ಅಭ್ಯಾಸವಾಯಿತು. ಕೆಲಸಕ್ಕೆ ಸೇರಿದ ಒಂದು ವರ್ಷಕ್ಕೆ ನನ್ನ ಬಲಭುಜ ಎಡಭುಜಕ್ಕಿಂತ ಮೇಲಿತ್ತು. ಅವ್ವ ಎಣ್ಣೆ ತಿಕ್ಕುವಾಗ ಕಂಡುಹಿಡಿದಳು.

ಇನ್ನೊಂದು ವಿಷಯ ಗಂಡಸರಿಗೆ ಹೊಳೆಯುವುದೇ ಇಲ್ಲ. ಅಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಡಾಕ್ಟರು ಹಿತ್ತಲ ಬೇಲಿ ದಾಟಿ ಹೋಗಿಬರುತ್ತಿದ್ದರು. ನಾನು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಮೂರನೇ ತಿಂಗಳಿಗೆ ಉರಿಮೂತ್ರ ಹಿಡಿಯಿತು, ತಲೆನೋವು ಹಿಡಿಯಿತು. ಅವ್ವ ಜೀರಿಗೆ ಕಷಾಯ ಮಾಡಿ ಮಾಡಿ ಸಾಕಾದಳು. ಕೊನೆಗೆ ಪಕ್ಕದ ಮನೆಯ ಹೆಂಗಸಿನ ಹಲ್ಲು ಪುಕ್ಕಟೆ ಸ್ವಚ್ಛ ಮಾಡಿಕೊಟ್ಟು ಅವರ ಬಚ್ಚಲಿಗೆ ದಾರಿ ಮಾಡಿಕೊಂಡೆ. ನೀವು ಎಲ್ಲಿ ಕೆಲಸಕ್ಕೆ ಸೇರಿದರೂ ಸಂಬಳ ಕೇಳುವ ಮೊದಲು ಕಕ್ಕಸು ಎಲ್ಲಿದೆ ಅಂತ ಕೇಳಿ. ನಾಚಿಕೆ ಪಡಬೇಡಿ.

ನನ್ನ ಮೊದಲ ಎಡವಟ್ಟು ನಾಯಂಡಹಳ್ಳಿಯ ಒಬ್ಬ ಮುದುಕಪ್ಪನ ಬಾಯಲ್ಲಿ ಆಯಿತು. ಆತ ಹುಟ್ಟಿದಾಗಿನಿಂದ ಇದ್ದಿಲಲ್ಲಿ ಹಲ್ಲುಜ್ಜಿದವ, ಅದರ ಮೇಲೆ ಹೊಗೆಸೊಪ್ಪಿನ ಕಡ್ಡಿಪುಡಿ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಪಾಚಿ ಗಾರೆ ಮೆತ್ತಿದ ಹಾಗೆ ಒಂದೇ ಗೋಡೆಯಾಗಿತ್ತು. ನನಗೆ ಹುರುಪು. ಒಂದು ಗಂಟೆ ನಿಂತು ಪೂರ್ತಿ ಕೆರೆದು ತೆಗೆದೆ. ಹಲ್ಲು ಬೆಳ್ಳಗೆ ಹೊಳೆಯಿತು. ಎರಡು ದಿನ ಬಿಟ್ಟು ಮುದುಕಪ್ಪ ಕೋಲು ಊರಿಕೊಂಡು ಬಂದ. "ಏನವ್ವಾ, ಗಟ್ಟಿಗಿದ್ದ ಹಲ್ಲ ಅಲ್ಲಾಡಂಗೆ ಮಾಡಿ ಕಳ್ಸಿದೀಯಲ್ಲ, ಮುದ್ದೆ ಬಿಟ್ಟು ಬೇರೆ ಏನೂ ಇಳೀತಾ ಇಲ್ಲ" ಅಂದ. ನಿಜ ಏನೆಂದರೆ ಆ ಹಲ್ಲುಗಳ ಬೇರು ಯಾವಾಗಲೋ ಸಡಿಲವಾಗಿತ್ತು, ಪಾಚಿಯ ಗೋಡೆಯೇ ಅವನ್ನು ಹಿಡಿದಿಟ್ಟಿತ್ತು. ಇದನ್ನು ಮೊದಲೇ ಹೇಳಿ ಕೆಲಸ ಶುರು ಮಾಡಬೇಕಿತ್ತು. ಡಾಕ್ಟರು ಆತನ ಎದುರಿಗೆ ನನ್ನನ್ನು ಬಿಟ್ಟುಕೊಡಲಿಲ್ಲ, ಆತ ಹೋದ ಮೇಲೆ ಬಾಯಿಗೆ ಬಂದಂತೆ ಬೈದರು. ಅದು ನ್ಯಾಯವಾಗಿಯೇ ಇತ್ತು.

ನ್ಯಾಯವಲ್ಲದ್ದೂ ಒಂದು ಕಂಡಿದ್ದೆ. ನನಗಿಂತ ಮುಂಚೆ ಅಲ್ಲಿ ಶಾಮಣ್ಣ ಅಂತ ಇದ್ದರು, ನನಗೆ ಕೆಲಸ ಕಲಿಸಿದವರು ಅವರೇ. ಒಂದು ಸಲ ಅವರ ಕೈ ನಡುಗಿದ್ದು ಡಾಕ್ಟರ ಕಣ್ಣಿಗೆ ಬಿತ್ತು. ಒಂದು ವಾರ ನೋಡಿದರು. ಆಮೇಲೆ, "ಕೈ ಕೆಟ್ಟವರು ನನಗೆ ಬೇಡ. ಹುಟ್ಟಾ ದುರ್ಬಲ ಕೈಯವರು ಈ ಕೆಲಸಕ್ಕೆ ಬರಬಾರದು" ಅಂತ ಕಳಿಸಿಬಿಟ್ಟರು. ಹತ್ತು ವರ್ಷ ಕೆಲಸ ಮಾಡಿದ ಕೈ ಹುಟ್ಟಾ ದುರ್ಬಲ ಹೇಗಾಗುತ್ತೆ ಅಂತ ನನಗೆ ಅವತ್ತು ಹೊಳೆಯಲಿಲ್ಲ. ಶಾಮಣ್ಣನ ಜಾಗ ನನಗೆ ಸಿಕ್ಕಿತಲ್ಲ ಅಂತ ಸಂತೋಷಪಟ್ಟೆ.

ಎರಡನೇ ವರ್ಷದ ಕೊನೆಗೆ ನನ್ನ ಬಲಗೈಗೆ ಜೋಮು ಹಿಡಿಯಲು ಶುರುವಾಯಿತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಬೆಳಿಗ್ಗೆ ಎದ್ದರೆ ಇರುವೆ ಹರಿದ ಹಾಗೆ. ಜಡೆ ಹೆಣೆಯಲು ಆಗದು. ಒಂದು ದಿನ ನೀರಿನ ಕೊಳದಪ್ಪಲೆ ಕೈಜಾರಿ ಅವ್ವನ ಕಾಲ ಮೇಲೆ ಬಿತ್ತು. "ಏನಾಯ್ತೇ?" ಅಂದಳು. "ಎಣ್ಣೆ ಕೈ" ಅಂದೆ. ಅವ್ವನಿಗೆ ಹೇಳಿದರೆ ಚಿಕ್ಕಪ್ಪನಿಗೆ ಹೋಗುತ್ತದೆ, ಡಾಕ್ಟರಿಗೆ ಹೇಳಿದರೆ ಶಾಮಣ್ಣನ ದಾರಿ. ಎರಡೂ ಕಡೆಯಿಂದ ಹೊರಟ ದಾರಿ ಕೆಂಗೇರಿಗೇ ಮುಟ್ಟುತ್ತಿತ್ತು.

ಮುಚ್ಚಿಡುವುದರಲ್ಲಿ ನಾನು ಪಳಗಿಬಿಟ್ಟೆ. ಬೆಳಿಗ್ಗೆ ಬೇಗ ಹೋಗಿ ಸ್ಟವ್ ಹಚ್ಚಿ ಕುದಿಯುವ ಡಬ್ಬದ ಹಬೆಗೆ ಕೈ ಹಿಡಿಯುತ್ತಿದ್ದೆ. ರೋಗಿ ಬಾಯಿ ಮುಕ್ಕಳಿಸಲು ತಿರುಗಿದಾಗ ಸೆರಗಿನ ಕೆಳಗೆ ಕೈ ಕೊಡವುತ್ತಿದ್ದೆ. ಬೇಕಾದ್ದಕ್ಕಿಂತ ಹೆಚ್ಚು ಸಲ ಮುಕ್ಕಳಿಸಲು ಹೇಳುತ್ತಿದ್ದೆ. "ಎಷ್ಟು ಸಲ ಉಗುಳಿಸ್ತೀರಾ ಸಿಸ್ಟರ್?" ಅಂತ ಕೆಲವರು ಗೊಣಗುತ್ತಿದ್ದರು. ಡಾಕ್ಟರು ಇದನ್ನು ಶುಚಿತ್ವ ಅಂತ ಹೊಗಳಿದರು.

ಆಮೇಲೆ ಒಂದು ಮೂರ್ಖ ಕೆಲಸ ಮಾಡಿದೆ. ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಪಾಚಿ ಕೆರೆಯಲು ಕೊಕ್ಕೆಯಂಥ ಸಾಧನ ಇರುತ್ತದೆ, ಪ್ರತಿದಿನ ಸಾಣೆಕಲ್ಲಿಗೆ ಕೊಡಬೇಕು. ಬೆರಳಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿಲ್ಲ, ಹರಿತವಾದ ಕೊಕ್ಕೆ ಎಲ್ಲಿ ಯಾರದಾದರೂ ವಸಡು ಹರಿದುಬಿಟ್ಟೀತೋ ಅಂತ ಹೆದರಿಕೆ. ಹಾಗಾಗಿ ಸಾಣೆ ಕೊಡುವುದನ್ನೇ ನಿಲ್ಲಿಸಿದೆ. ಮೊಂಡ ಕೊಕ್ಕೆ ಯಾರನ್ನೂ ಕೊಯ್ಯುವುದಿಲ್ಲ ಅಂತ ನನ್ನ ಲೆಕ್ಕಾಚಾರ. ಆದರೆ ಮೊಂಡಾದಷ್ಟೂ ಒತ್ತಬೇಕು, ಒತ್ತಿದಷ್ಟೂ ಕೈ ಜೋಮು ಹಿಡಿಯುತ್ತದೆ, ಜೋಮು ಹಿಡಿದಷ್ಟೂ ನಾನು ಸಾಣೆಕಲ್ಲಿನಿಂದ ದೂರ. ಹೀಗೆ ಆರು ತಿಂಗಳು ನನ್ನ ಕೈಯನ್ನು ನಾನೇ ತಿಂದುಕೊಂಡೆ.

ಅದನ್ನು ಬಿಡಿಸಿದ್ದು ಒಬ್ಬ ಟರ್ನರು. ಕಾಮಾಕ್ಷಿಪಾಳ್ಯದ ನಂಜಪ್ಪ, ಹತ್ತಿರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದ. ನಾನು ಅವನ ಕೆಳದವಡೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕೊಕ್ಕೆ ಜಾರಿ ನಾಲಗೆಯ ಕೆಳಗೆ ಚುಚ್ಚಿತು. ಮೊಂಡ ಕೊಕ್ಕೆ ಕೊಯ್ಯುವುದಿಲ್ಲ ಅನ್ನೋದು ಸುಳ್ಳಾಯಿತು. ರಕ್ತ ತುಂಬಿ ಬಂತು. ಶಬ್ದ ಕೇಳಿ ಡಾಕ್ಟರು ಪಕ್ಕದ ಕೋಣೆಯಿಂದ ಬಂದರು. ನಂಜಪ್ಪನ ಬಾಯಿಗಿಂತ ನನಗೆ ನನ್ನ ಕೆಲಸದ ಯೋಚನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

"ಏನಾಯ್ತು?" ಅಂದರು ಡಾಕ್ಟರು.

ನಂಜಪ್ಪ ಹತ್ತಿ ಅದುಮಿಕೊಂಡು ಅಂದ, "ನಂದೇ ತಪ್ಪು ಸಾರ್. ಸೀನು ಬಂತು, ತಲೆ ಅಲ್ಲಾಡಿಸ್ಬಿಟ್ಟೆ."

ಡಾಕ್ಟರು ಔಷಧಿ ಹಚ್ಚಿ ಹೋದರು. ನಂಜಪ್ಪ ಎದ್ದು ಕೂತು ನನ್ನ ತಟ್ಟೆಯಿಂದ ಕೊಕ್ಕೆ ಎತ್ತಿಕೊಂಡು ಬೆಳಕಿಗೆ ಹಿಡಿದ. ತನ್ನ ಹೆಬ್ಬೆರಳ ಉಗುರಿನ ಮೇಲೆ ಅದರ ಅಂಚನ್ನು ಇಟ್ಟು ಮೆಲ್ಲಗೆ ಎಳೆದ. ಜಾರಿತು. "ನೋಡಿ ಸಿಸ್ಟರ್, ಟೂಲು ಹರಿತ ಇದ್ರೆ ಉಗುರು ಕಚ್ಚುತ್ತೆ. ಇದು ಜಾರ್ತಾ ಇದೆ. ಮೊಂಡ ಟೂಲು ಇಟ್ಕೊಂಡು ಲೇತ್ ಮೇಲೆ ನಿಂತ್ರೆ ಮಿಷಿನ್ನಿಗೇನೂ ಆಗಲ್ಲ, ನಮ್ ಕೈಗೇ ಆಗೋದು. ನಮ್ಮಲ್ಲಿ ಹೊಸಬ್ರು ಹಿಂಗೇ ಕೈ ಕಳ್ಕೋತಾರೆ." ನನ್ನ ಬೆರಳುಗಳನ್ನು ನೋಡಿ, "ನಿಮ್ ಕೈಗೂ ಜೋಮು ಹಿಡೀತಾ ಇದೆ ಅಲ್ವಾ?" ಅಂದ.

ನನಗೆ ಅಳು ಬಂತು. ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಹೂಂ ಅಂದೆ. ಅವನು ಕೊಕ್ಕೆಯನ್ನು ಸಾಣೆಕಲ್ಲಿನ ಮೇಲೆ ಯಾವ ಓರೆಯಲ್ಲಿ ಹಿಡಿಯಬೇಕು ಅಂತ ತೋರಿಸಿಕೊಟ್ಟ. "ಹಿಡಿತ ಸಡ್ಲ ಇರ್ಲಿ. ಮರಿ ಹಕ್ಕಿ ಹಿಡಿದಂಗೆ ಹಿಡೀರಿ, ಬಿಡಬಾರ್ದು, ಅದುಮಬಾರ್ದು" ಅಂದ. ಅವನಿಗೆ ಹಲ್ಲಿನ ವಿಷಯ ಏನೂ ಗೊತ್ತಿರಲಿಲ್ಲ, ಆದರೆ ನನ್ನ ಕಸುಬಿನ ಅರ್ಧ ಪಾಠ ನನಗೆ ಕಲಿಸಿದ್ದು ಅವನೇ.

ಅಲ್ಲಿಂದ ಮುಂದೆ ಪ್ರತಿ ಬಾಯಿಯಾದ ಮೇಲೂ ಉಗುರಿನ ಮೇಲೆ ಕೊಕ್ಕೆ ಎಳೆದು ನೋಡುತ್ತಿದ್ದೆ, ಆಮೇಲೆ ಕುದಿಸುತ್ತಿದ್ದೆ. ಒತ್ತುವುದು ಕಡಿಮೆಯಾಯಿತು. ನಾಲ್ಕೈದು ತಿಂಗಳಲ್ಲಿ ಜೋಮು ಅರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಮಧ್ಯದ ಬೆರಳ ತುದಿಯಲ್ಲಿ ನನಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಈಗ ನೀರು ಚಿಮ್ಮುವ ಕರೆಂಟಿನ ಮಿಷಿನ್ ಬಂದಿದೆ, ನೀವು ಕೂತು ಕೆಲಸ ಮಾಡುತ್ತೀರಿ, ಕುರ್ಚಿ ಗುಂಡಿ ಒತ್ತಿದರೆ ಏಳುತ್ತದೆ. ಒಳ್ಳೆಯದೇ ಆಯಿತು. ಆದರೆ ಆ ಮಿಷಿನ್ನಿನ ನಡುಕವೂ ಕೈಗೇ ಇಳಿಯುತ್ತದೆ ಅಂತ ನನ್ನ ಕೊನೆಯ ವರ್ಷಗಳಲ್ಲಿ ನೋಡಿದ್ದೇನೆ. ಮಿಷಿನ್ ಬಂತು ಅಂತ ಹಿಡಿತ ಬಿಗಿ ಮಾಡಬೇಡಿ.

ಇಷ್ಟು ಬರೆದು ಮುಗಿಸಿದ್ದರೆ ನನಗೆ ಸುಲಭವಿತ್ತು. ಫಿಲೋಮಿನಾ ವಿಷಯ ಬರೆಯದೆ ಇದು ಮುಗಿಯುವುದಿಲ್ಲ.

ದವಾಖಾನೆಗೆ ಜನ ಹೆಚ್ಚಾದರು, ಡಾಕ್ಟರು ಇನ್ನೊಂದು ಕುರ್ಚಿ ಹಾಕಿಸಿ ಇನ್ನೊಬ್ಬಳನ್ನು ತೆಗೆದುಕೊಂಡರು. ಫಿಲೋಮಿನಾ ಆಗ ಹತ್ತೊಂಬತ್ತರವಳು, ರಾಜಾಜಿನಗರದಲ್ಲೇ ಅಣ್ಣನ ಮನೆಯಲ್ಲಿದ್ದಳು. ಬಹಳ ಚುರುಕು. ಅವಳಿಗೆ ನಾನು ಎಲ್ಲ ಕಲಿಸಿದೆ. ಸಾಣೆ, ಉಗುರಿನ ಪರೀಕ್ಷೆ, ಅಲ್ಲಾಡುವ ಹಲ್ಲು ಮೊದಲೇ ನೋಡಿಕೊಳ್ಳುವುದು, ಪಕ್ಕದ ಮನೆಯ ಬಚ್ಚಲು. ಕೈ ಜೋಮಿನ ಮಾತೊಂದನ್ನು ಮಾತ್ರ ಹೇಳಲಿಲ್ಲ. ಹಿಡಿತ ಸಡಿಲ ಇರಲಿ ಅಂದಿದ್ದೆ, ಯಾಕೆ ಅಂತ ಹೇಳಿರಲಿಲ್ಲ. ಯಾಕೆ ಅಂತ ತಿಳಿಯದ ಪಾಠ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಜನ ಜಾಸ್ತಿಯಾದಾಗ ಅವಳು ಬಿಗಿಯಾಗಿ ಹಿಡಿದು ಒತ್ತುವುದು ನನಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ ಅವಳು ಎಡಗೈಯಲ್ಲಿ ತಿನ್ನುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. "ಅಕ್ಕಾ, ನಿಮಗೆ ಯಾವತ್ತಾದ್ರೂ ಕೈ ಜೋಮು ಹಿಡಿದಿತ್ತಾ?" ಅಂದಳು.

ಬಾಗಿಲು ತೆರೆದಿತ್ತು, ಡಾಕ್ಟರು ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಹೂಂ ಅಂದರೆ ಅವರ ಕಿವಿಗೆ ಬೀಳಬಹುದು. ಅವರಿಗೆ ಬೀಳದಿದ್ದರೂ ಇವಳ ಬಾಯಿಂದ ಮುಂದೆ ಹೋಗಬಹುದು. ಅದೇ ವಾರ ಚಿಕ್ಕಪ್ಪ ಕೆಂಗೇರಿಯವರು ಇನ್ನೂ ಕಾಯ್ತಾ ಇದಾರೆ ಅಂತ ಅವ್ವನ ಹತ್ತಿರ ಅಂದಿದ್ದ. ಇದೆಲ್ಲ ನೆಪ ಅಂತ ಈಗ ಅನಿಸುತ್ತದೆ, ಅವತ್ತು ನೆಪ ಅನಿಸಲಿಲ್ಲ.

"ಇಲ್ವಲ್ಲ" ಅಂದೆ. "ನಿಂಗೆ ರಕ್ತ ಕಡಿಮೆ ಇದೆ. ಸೊಪ್ಪು ತಿನ್ನು."

ಅವಳು ಸೊಪ್ಪು ತಿಂದಳು. ದಿನಾ ಡಬ್ಬದಲ್ಲಿ ದಂಟಿನ ಸೊಪ್ಪು ತರುತ್ತಿದ್ದಳು, ನನಗೂ ಕೊಡುತ್ತಿದ್ದಳು. ಮೂರು ತಿಂಗಳಿಗೆ ಅವಳ ಕೈಯಿಂದ ಬಾಯಿ ಕನ್ನಡಿ ಜಾರಿ ಒಬ್ಬ ಹೆಂಗಸಿನ ಗಂಟಲ ಹತ್ತಿರಕ್ಕೆ ಹೋಯಿತು. ಅವರು ಕೆಮ್ಮಿ ಉಗುಳಿದರು, ಏನೂ ಆಗಲಿಲ್ಲ. ಡಾಕ್ಟರು ಅವಳನ್ನು ಕರೆದು ಎರಡೂ ಕೈ ಚಾಚಲು ಹೇಳಿದರು. ಬಲಗೈ ನಡುಗಿತು. "ನಿನ್ನದು ಹುಟ್ಟಾ ದುರ್ಬಲ ಕೈ ಕಣಮ್ಮ. ನಿನ್ನ ತಪ್ಪಲ್ಲ. ಆದ್ರೆ ಈ ಕೆಲಸ ನಿನಗಲ್ಲ" ಅಂದರು. ನನ್ನ ಕಡೆ ತಿರುಗಿ, "ಲಕ್ಷ್ಮಮ್ಮನ್ನ ನೋಡು, ಎಷ್ಟು ವರ್ಷ ಆಯ್ತು" ಅಂದರು. ನಾನು ತಟ್ಟೆ ಹಿಡಿದು ನಿಂತಿದ್ದೆ, ಎರಡೂ ಕೈಯಲ್ಲಿ. ಒಂದೇ ಕೈಯಲ್ಲಿ ಹಿಡಿದಿದ್ದರೆ ನನ್ನದೂ ನಡುಗುತ್ತಿತ್ತು. ಅವಳು ಅವತ್ತೇ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವರ ಜಾತಿಯಲ್ಲಿ ಆ ಪದ್ಧತಿ ಇಲ್ಲ, ನಮ್ಮನ್ನು ನೋಡಿ ಕಲಿತದ್ದು.

ನನ್ನ ಕೆಲಸ ಉಳಿಯಿತು. ಕೆಂಗೇರಿಯವರು ಬೇರೆ ಹೆಣ್ಣು ತಂದುಕೊಂಡರು.

ಎರಡು ವರ್ಷವಾದ ಮೇಲೆ ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫಿಲೋಮಿನಾ ಸಿಕ್ಕಳು. ಮದುವೆಯಾಗಿತ್ತು, ಜೊತೆಯಲ್ಲಿ ಅವಳ ಅತ್ತೆ ಇದ್ದರು. ನನ್ನನ್ನು ಕಂಡು ಅವಳಿಗೆ ಆದ ಸಂತೋಷ ನೋಡಬೇಕಿತ್ತು. ಓಡಿ ಬಂದು ನನ್ನ ಬಲಗೈ ಹಿಡಿದುಕೊಂಡಳು. ಅತ್ತೆಗೆ ಆ ಕೈಯನ್ನೇ ತೋರಿಸಿ, "ಇವ್ರೇ ಅತ್ತೆ, ನಾನ್ ಹೇಳ್ತಿದ್ನಲ್ಲ ಲಕ್ಷ್ಮಕ್ಕ. ಎಂಥ ಗಟ್ಟಿ ಕೈ ಗೊತ್ತಾ. ನನಗೆ ದೇವ್ರು ಅಂಥ ಕೈ ಕೊಡ್ಲಿಲ್ಲ. ಕೊಟ್ಟಿದ್ರೆ ನಾನೂ ಇವತ್ತು ಅಲ್ಲೇ ಇರ್ತಿದ್ದೆ" ಅಂದಳು.

ಅತ್ತೆ ತಲೆದೂಗಿದರು. "ಪಾಪ, ಅದನ್ನೇ ನೆನೆಸ್ಕೊಂಡು ಅಳ್ತಾಳೆ. ಹೊಲಿಗೆ ಕ್ಲಾಸಿಗೆ ಹೋಗು ಅಂದ್ರೂ ಹೋಗಲ್ಲ. ನನ್ ಕೈ ಯಾವ್ದಕ್ಕೂ ಆಗಲ್ಲ ಅಂತಾಳೆ" ಅಂದರು.

ನನಗೆ ಅವತ್ತು ಸುಮ್ಮನಿರಲು ಆಗಲಿಲ್ಲ. ಯಾವ ಧೈರ್ಯವೂ ಅಲ್ಲ ಅದು, ತಡೆಯಲು ಆಗಲಿಲ್ಲ ಅಷ್ಟೇ. "ಫಿಲೋಮಿನಾ, ನೀನು ಹಿಡ್ಕೊಂಡಿರೋ ಬೆರಳುಗಳಲ್ಲಿ ಎರಡಕ್ಕೆ ನೀನು ಹಿಡಿದಿರೋದೇ ಸರಿಯಾಗಿ ತಿಳೀತಿಲ್ಲ ಕಣೇ" ಅಂದೆ. "ನೀನು ಬರೋಕ್ ಮುಂಚಿಂದಲೂ ಹಂಗೇ. ನಿನ್ ಕೈ ಹುಟ್ಟಾ ಚೆನ್ನಾಗೇ ಇತ್ತು. ಆ ಕೆಲಸ ಹಂಗೆ ಮಾಡ್ತು. ನನಗೂ ಹಂಗೇ ಮಾಡಿತ್ತು."

ಅವಳು ನನ್ನ ಕೈಯನ್ನು ತಿರುಗಿಸಿ ನೋಡಿದಳು, ಅಂಗೈ ನೋಡಿದಳು. ಆಮೇಲೆ ತನ್ನದನ್ನು ನೋಡಿಕೊಂಡಳು. ಬಸ್ಸು ಬಂತು, ಅತ್ತೆ ಹತ್ತಿದರು, ಕಂಡಕ್ಟರು ಬೇಗ ಹತ್ತಮ್ಮ ಅಂದ. ಅವಳು ನನ್ನ ಕೈ ಬಿಟ್ಟಳು. ಬೈಯಲಿಲ್ಲ, ಅಳಲೂ ಇಲ್ಲ.

"ಅಕ್ಕಾ, ನಾನು ನಿಮ್ಮನ್ನ ಕೇಳಿದ್ದೆ" ಅಂದಳು.